ಅದೇ ಕೈಪಿಡಿ, ಅದೇ ತರಬೇತಿ: ತೂಕ ನಿರ್ವಹಣಾ ಕಾರ್ಯಕ್ರಮ ಒಂದು ಆಸ್ಪತ್ರೆಯಲ್ಲಿ ನಡೆದು ಇನ್ನೊಂದರಲ್ಲಿ ನಿಂತುಹೋಗುವುದೇಕೆ?

ಕಡತವಾಹಕ
ಹಲವು ಆಸ್ಪತ್ರೆಗಳನ್ನು ನಡೆಸುವ ಸಂಸ್ಥೆಯೊಂದರ ಗುಣಮಟ್ಟ ವಿಭಾಗದಲ್ಲಿ ನಾನು ಕೆಲಸ ಮಾಡುತ್ತಿದ್ದೇನೆ. ಬೊಜ್ಜು ಇರುವ ವಯಸ್ಕರಿಗಾಗಿ ತೂಕ ನಿರ್ವಹಣಾ ಕಾರ್ಯಕ್ರಮ ಆರಂಭಿಸಬೇಕೆಂದು ನಮ್ಮ ಕೇಂದ್ರ ಕಚೇರಿಯು ಎಲ್ಲ ಘಟಕಗಳಿಗೂ ಸುತ್ತೋಲೆ ಹೊರಡಿಸಿತು. ಕೈಪಿಡಿ ಒಂದೇ, ತರಬೇತಿ ಕೊಟ್ಟ ತಂಡವೂ ಒಂದೇ. ಹಾಗಿದ್ದರೂ ಕೆಲವು ಘಟಕಗಳಲ್ಲಿ ವಾರದ ಗುಂಪು ತರಗತಿ ತಪ್ಪದೆ ನಡೆಯುತ್ತಿದೆ. ಉಳಿದವುಗಳಲ್ಲಿ ಬಾಗಿಲಿಗೆ ಫಲಕವಿದೆ, ಬಾಗಿಲು ತೆರೆದರೆ ಹಳೆಯ ಕೇಸ್ ಶೀಟುಗಳ ಕಟ್ಟುಗಳಿವೆ. ಡಯೆಟಿಷಿಯನ್ನರ ತಂಡವೇ ಇರುವ ಅತಿ ದೊಡ್ಡ ಘಟಕದಲ್ಲಿ ಕಾರ್ಯಕ್ರಮ ನಿಂತುಹೋಗಿದೆ, ಒಬ್ಬರೇ ಡಯೆಟಿಷಿಯನ್ ಇರುವ ಸಣ್ಣ ಘಟಕದಲ್ಲಿ ಚೆನ್ನಾಗಿ ಸಾಗಿದೆ. ಆದ್ದರಿಂದ ಹಣ ಮತ್ತು ಸಿಬ್ಬಂದಿಯ ಸಂಖ್ಯೆ ಇವೆರಡರಿಂದಲೇ ಉತ್ತರ ಸಿಗುವುದಿಲ್ಲ.

"ವೈದ್ಯರಲ್ಲಿ ಆಸಕ್ತಿಯ ಕೊರತೆ" ಎಂದು ವರದಿಯಲ್ಲಿ ಬರೆದು ಕಡತ ಮುಗಿಸುವಂತೆ ಮೇಲಿನವರು ಸೂಚಿಸಿದ್ದಾರೆ. ಹಾಗೆ ಬರೆಯಲು ನನಗೆ ಮನಸ್ಸಿಲ್ಲ. ಇಂತಹ ಕಾರ್ಯಕ್ರಮವನ್ನು ಹತ್ತಿರದಿಂದ ಕಂಡವರು, ಆಸ್ಪತ್ರೆಯ ಒಳಗಿನ ಯಾವ ವ್ಯವಸ್ಥೆ ಅದನ್ನು ಉಳಿಸುತ್ತದೆ, ಯಾವುದು ಕೆಡಿಸುತ್ತದೆ ಎಂಬುದನ್ನು ದಯವಿಟ್ಟು ತಿಳಿಸಿ.

ಓಪಿಡಿ ವೈದ್ಯ
ಆಸಕ್ತಿಯ ಕೊರತೆ ಎಂಬ ಮಾತು ಆಡಳಿತದವರಿಗೆ ಬಹಳ ಅನುಕೂಲವಾದ ಮಾತು. ನಮ್ಮಲ್ಲಿ ಒಬ್ಬ ರೋಗಿಯನ್ನು ಈ ಕಾರ್ಯಕ್ರಮಕ್ಕೆ ರೆಫರ್ ಮಾಡಬೇಕಾದರೆ ಕಂಪ್ಯೂಟರಿನಲ್ಲಿ ಬೇರೆಯೇ ಪುಟ ತೆರೆಯಬೇಕು. ಹೊರಗೆ ಸಿಸ್ಟರ್ ಆಗಲೇ ದಾಖಲಿಸಿದ ಎತ್ತರ ಮತ್ತು ತೂಕವನ್ನು ಅಲ್ಲಿ ಮತ್ತೊಮ್ಮೆ ತುಂಬಬೇಕು, ಕಾರಣದ ಸಂಕೇತವನ್ನು ಉದ್ದನೆಯ ಪಟ್ಟಿಯಿಂದ ಹುಡುಕಿ ಆರಿಸಬೇಕು, ಯಾವುದಾದರೂ ಒಂದು ಕಡೆ ಖಾಲಿ ಬಿಟ್ಟರೆ ಇಡೀ ಪುಟ ಅಳಿಸಿಹೋಗಿ ಮೊದಲಿನಿಂದ ಆರಂಭವಾಗುತ್ತದೆ. ಅಷ್ಟರಲ್ಲಿ ಎದುರಿಗಿದ್ದವರು ಎದ್ದು ನಿಂತಿರುತ್ತಾರೆ, ಮುಂದಿನವರು ಬಾಗಿಲಿನಿಂದ ಅರ್ಧ ಒಳಗೆ ಬಂದಿರುತ್ತಾರೆ. ರಕ್ತಪರೀಕ್ಷೆಗೆ ಬರೆಯುವುದು ಒಂದು ಒತ್ತಿನ ಕೆಲಸ. ಇಂತಹ ಕಡೆ ನಾನು ಯಾವುದನ್ನು ಬರೆಯುತ್ತೇನೆ ಎಂಬುದಕ್ಕೆ ಆಸಕ್ತಿಯ ಅಳತೆಗೋಲು ಬೇಕಿಲ್ಲ.

ಅಂಕಿಸಂಖ್ಯೆ
ವೈದ್ಯರ ಮಾತಿಗೆ ಆಧಾರವಿದೆ. 2016ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇಂಗ್ಲೆಂಡಿನ ಪ್ರಾಥಮಿಕ ಚಿಕಿತ್ಸಾಲಯಗಳ ಒಂದು ಪ್ರಯೋಗ ಪ್ರಕಟವಾಯಿತು. ಬೇರೆ ಕಾಯಿಲೆಗೆಂದು ಬಂದ, ಬೊಜ್ಜು ಇದ್ದ 1882 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ವೈದ್ಯರು ಕೇವಲ 30 ಸೆಕೆಂಡಿನಲ್ಲಿ ತೂಕ ಇಳಿಸುವ ಸಾಪ್ತಾಹಿಕ ಗುಂಪಿಗೆ ಸೇರುವಂತೆ ಸೂಚಿಸಿ, ಒಪ್ಪಿದವರಿಗೆ ಆಗಲೇ ಅಪಾಯಿಂಟ್‌ಮೆಂಟ್ ದೊರೆಯುವಂತೆ ನೋಡಿಕೊಂಡರು. ಇನ್ನೊಂದು ಗುಂಪಿಗೆ ತೂಕ ಇಳಿದರೆ ಆರೋಗ್ಯಕ್ಕೆ ಒಳ್ಳೆಯದೆಂದು ಹೇಳಿದರು, ಅಷ್ಟೇ. ಒಂದು ವರ್ಷದ ನಂತರ ಮೊದಲ ಗುಂಪಿನ ಸರಾಸರಿ ಇಳಿಕೆ 2.43 ಕಿಲೋ, ಎರಡನೆಯದರದು 1.04 ಕಿಲೋ. ಆ ಮಾತು ಅನುಚಿತ ಮತ್ತು ನಿರುಪಯುಕ್ತ ಎಂದು ಭಾವಿಸಿದವರು ಅಷ್ಟು ಜನರಲ್ಲಿ ನಾಲ್ವರು ಮಾತ್ರ. ವೈದ್ಯರ ಪಾಲಿನ ಕೆಲಸವನ್ನು ಅರ್ಧ ನಿಮಿಷಕ್ಕೆ ಇಳಿಸಿ, ಉಳಿದುದನ್ನು ಬೇರೆಯವರು ವಹಿಸಿಕೊಂಡ ಕಾರಣ ಅದು ಸಾಧ್ಯವಾಯಿತು ಎಂಬುದನ್ನು ಗಮನಿಸಬೇಕು.

ಸಂದೇಹಿ
ಒಂದು ವರ್ಷಕ್ಕೆ ಎರಡೂವರೆ ಕಿಲೋ! ಇಷ್ಟಕ್ಕಾಗಿ ಒಂದು ಕೋಣೆ, ಒಬ್ಬ ಡಯೆಟಿಷಿಯನ್, ಒಬ್ಬ ನೋಡಲ್ ಅಧಿಕಾರಿ, ತಿಂಗಳ ವರದಿ. ಅಮೆರಿಕದ ಲುಕ್ ಅಹೆಡ್ ಅಧ್ಯಯನವನ್ನೂ ನೆನಪಿಸಿಕೊಳ್ಳಿ. ಸಕ್ಕರೆ ಕಾಯಿಲೆ ಇದ್ದ 5145 ಜನರಿಗೆ ವರ್ಷಗಟ್ಟಲೆ ತೀವ್ರ ಮಾರ್ಗದರ್ಶನ ಕೊಟ್ಟರೂ ಹೃದಯಾಘಾತ ಮತ್ತು ಪಾರ್ಶ್ವವಾಯು ಕಡಿಮೆಯಾಗುವ ಸೂಚನೆ ಕಾಣದೆ 2012ರಲ್ಲಿ ಅದನ್ನು ನಿಲ್ಲಿಸಲಾಯಿತು. ವೈದ್ಯರು ನಂಬದಿರುವುದಕ್ಕೆ ಕಾರಣ ವ್ಯವಸ್ಥೆಯಲ್ಲಿಲ್ಲ, ಫಲಿತಾಂಶದಲ್ಲಿದೆ.

ಪಥ್ಯ ವಿಭಾಗ
ಸಂದೇಹಿಯವರೇ, ಆಯ್ದುಕೊಂಡು ಉದಾಹರಿಸಬೇಡಿ. 2002ರಲ್ಲಿ ಪ್ರಕಟವಾದ ಡಯಾಬಿಟಿಸ್ ಪ್ರಿವೆನ್ಷನ್ ಪ್ರೋಗ್ರಾಮ್ ಪ್ರಯೋಗದಲ್ಲಿ, ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ 3234 ಜನರ ಪೈಕಿ ಜೀವನಶೈಲಿ ಗುಂಪಿಗೆ ಶೇಕಡಾ 7ರಷ್ಟು ತೂಕ ಇಳಿಸುವ ಮತ್ತು ವಾರಕ್ಕೆ 150 ನಿಮಿಷ ದೈಹಿಕ ಚಟುವಟಿಕೆಯ ಗುರಿ ಕೊಟ್ಟಿದ್ದರು. ಆ ಗುಂಪಿನಲ್ಲಿ ಹೊಸದಾಗಿ ಕಾಯಿಲೆ ಬರುವುದು ಶೇಕಡಾ 58ರಷ್ಟು ತಗ್ಗಿತು; ಮೆಟ್‌ಫಾರ್ಮಿನ್ ಮಾತ್ರೆಯಿಂದ ಶೇಕಡಾ 31ರಷ್ಟು. ಲುಕ್ ಅಹೆಡ್‌ನಲ್ಲಿಯೂ ಮೊದಲ ವರ್ಷ ಸರಾಸರಿ ಶೇಕಡಾ 8.6ರಷ್ಟು ತೂಕ ಇಳಿದಿತ್ತು. ನಮ್ಮ ಆಸ್ಪತ್ರೆಗಳಲ್ಲಿ ಆ ಮಟ್ಟದ ಇಳಿಕೆ ಕಾಣದಿದ್ದರೆ, ಅಲ್ಲಿ ನಡೆದಷ್ಟು ಭೇಟಿಗಳು ಇಲ್ಲಿ ನಡೆಯುತ್ತಿಲ್ಲ ಎಂಬುದೇ ಮೊದಲ ಕಾರಣ. ಆ ಭೇಟಿಗಳು ಏಕೆ ನಡೆಯುತ್ತಿಲ್ಲ ಎಂಬುದೇ ಇಲ್ಲಿ ಕೇಳಿರುವ ಪ್ರಶ್ನೆ.

ಹೆಡ್ ಸಿಸ್ಟರ್
ಉತ್ತರ ನಾನು ಹೇಳುತ್ತೇನೆ: ಹೆಚ್ಚುವರಿ ಪ್ರಭಾರ.

ಕಡತವಾಹಕ
ದಯವಿಟ್ಟು ಸ್ವಲ್ಪ ವಿಸ್ತರಿಸಿ, ಮೇಡಂ.

ಹೆಡ್ ಸಿಸ್ಟರ್
ಹೊಸ ಕಾರ್ಯಕ್ರಮ ಬಂದಾಗಲೆಲ್ಲ ಅದಕ್ಕೊಬ್ಬ ಸಂಯೋಜಕರನ್ನು ನೇಮಿಸಿ ಆದೇಶ ಬರುತ್ತದೆ. ಆ ವ್ಯಕ್ತಿಗೆ ಈಗಾಗಲೇ ಇರುವ ಕೆಲಸದಲ್ಲಿ ಒಂದು ಗಂಟೆಯೂ ಕಡಿಮೆಯಾಗುವುದಿಲ್ಲ. ನಾನು ಮೊದಲು ಕೆಲಸ ಮಾಡುತ್ತಿದ್ದ ಆಸ್ಪತ್ರೆಯಲ್ಲಿ ಸೋಂಕು ನಿಯಂತ್ರಣ, ಕೈ ತೊಳೆಯುವಿಕೆಯ ತಪಾಸಣೆ, ದೂರುಪೆಟ್ಟಿಗೆ ಮತ್ತು ತೂಕ ನಿರ್ವಹಣೆ ಇವಿಷ್ಟೂ ಒಬ್ಬ ನರ್ಸಿನ ಹೆಗಲ ಮೇಲಿದ್ದವು. ವಾರ್ಡಿನಲ್ಲಿ ಒಬ್ಬರು ರಜೆ ಹಾಕಿದರೆ ಮೊದಲು ಎಳೆಯುತ್ತಿದ್ದುದು ಅವರನ್ನೇ, ಏಕೆಂದರೆ ತೂಕದ ತರಗತಿ ಒಂದು ವಾರ ನಿಂತರೆ ಯಾರ ಪ್ರಾಣವೂ ಹೋಗುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಒಂದು ವಾರ ಎರಡಾಯಿತು. ಬಂದು ಬಾಗಿಲು ನೋಡಿ ಹಿಂತಿರುಗಿದವರು ಮತ್ತೆ ಬರಲಿಲ್ಲ. ಕೊನೆಗೆ ವರದಿಯಲ್ಲಿ ಬರೆದದ್ದು "ರೋಗಿಗಳ ಸ್ಪಂದನೆ ಇಲ್ಲ" ಎಂದು.

ತಕ್ಕಡಿಯ ಕಥೆಯನ್ನೂ ಹೇಳಿಬಿಡುತ್ತೇನೆ. ಬೊಜ್ಜಿನ ಕ್ಲಿನಿಕ್ಕಿಗೆ ಕೊಟ್ಟ ತಕ್ಕಡಿ 150 ಕಿಲೋ ದಾಟಿದರೆ ಅಂಕಿಯ ಬದಲು ಅಡ್ಡಗೆರೆಗಳನ್ನು ತೋರಿಸುತ್ತಿತ್ತು. ಬದಲಿ ತಕ್ಕಡಿಗೆ ಸಲ್ಲಿಸಿದ ಬೇಡಿಕೆ "ಈಗಿರುವ ಯಂತ್ರ ಸುಸ್ಥಿತಿಯಲ್ಲಿದೆ" ಎಂಬ ಷರಾದೊಂದಿಗೆ ವಾಪಸು ಬಂತು.

ಸರದಿಯಲ್ಲಿ ಕುಳಿತವಳು
ನಾನು ಆಸ್ಪತ್ರೆಯವಳಲ್ಲ, ರೋಗಿಯಾಗಿ ಹೋಗಿದ್ದವಳು. ನೀವೆಲ್ಲ ಒಳಗಿನಿಂದ ಮಾತನಾಡುತ್ತಿದ್ದೀರಿ, ಹೊರಗಿನದನ್ನೂ ಕೇಳಿ. ನಾನು ಹೋಗುತ್ತಿದ್ದ ಕಡೆ ತಕ್ಕಡಿ ಇದ್ದದ್ದು ಔಷಧ ಕೊಡುವ ಕಿಟಕಿಯ ಪಕ್ಕದ ಓಡುದಾರಿಯಲ್ಲಿ. ತೂಕ ನೋಡಿದವರು ಅಂಕಿಯನ್ನು ಗಟ್ಟಿಯಾಗಿ ಕೂಗುತ್ತಿದ್ದರು, ದೂರದ ಮೇಜಿನಲ್ಲಿ ಕುಳಿತವರು ಅದನ್ನು ಬರೆದುಕೊಳ್ಳುತ್ತಿದ್ದರು. ಸಾಲಿನಲ್ಲಿ ನಿಂತವರೆಲ್ಲ ತಿರುಗಿ ನೋಡುತ್ತಿದ್ದರು. ತರಗತಿಯ ಕೋಣೆಯಲ್ಲಿದ್ದವು ಎರಡೂ ಬದಿಗೆ ಕೈಗಳಿರುವ ಇಕ್ಕಟ್ಟಾದ ಕುರ್ಚಿಗಳು. ನಮ್ಮಲ್ಲಿ ಕೆಲವರು ಒಂದು ಗಂಟೆಯ ಕಾಲ ಗೋಡೆಗೆ ಒರಗಿ ನಿಂತೇ ಕೇಳುತ್ತಿದ್ದರು. ಸಮಯವೂ ಬೆಳಿಗ್ಗೆ ಹನ್ನೊಂದು ಗಂಟೆ. ದುಡಿಯುವವರು ಯಾರು ಬರಬೇಕು? ಸ್ಪಂದನೆ ಇಲ್ಲ ಎಂದು ಬರೆಯುವ ಮುನ್ನ ಆ ಕುರ್ಚಿಯಲ್ಲಿ ಒಮ್ಮೆ ಕುಳಿತು ನೋಡುವಂತೆ ತಮ್ಮ ಅಧಿಕಾರಿಗಳಿಗೆ ಹೇಳಿ.

ಪಥ್ಯ ವಿಭಾಗ
ಈ ಮಾತನ್ನು ನಮ್ಮ ವಿಭಾಗದ ಸಭೆಯಲ್ಲಿ ಓದಿ ಹೇಳುವೆ. ತರಗತಿಯ ಸಮಯ ಬೆಳಿಗ್ಗೆ ಹನ್ನೊಂದಾಗಿರುವುದಕ್ಕೆ ಕಾರಣ ಸರಳ: ಆಗ ಕೋಣೆ ಖಾಲಿ ಇರುತ್ತದೆ.

ಲೆಕ್ಕಪತ್ರ
ಎಲ್ಲರೂ ಹಣದ ವಿಷಯವನ್ನು ಬದಿಗಿಡುತ್ತಿದ್ದೀರಿ. ಹಣ ಇದೆಯೇ ಎಂಬುದಕ್ಕಿಂತ, ಯಾರ ಹೆಸರಿಗೆ ಜಮಾ ಆಗುತ್ತದೆ ಎಂದು ಕೇಳಬೇಕು. ಅಮೆರಿಕದಲ್ಲಿ ಮುಖ್ಯವಾಗಿ ಹಿರಿಯ ನಾಗರಿಕರಿಗಿರುವ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ 2011ರ ನವೆಂಬರಿನಲ್ಲಿ ಬೊಜ್ಜಿನ ತೀವ್ರ ಸಮಾಲೋಚನೆಗೆ ಹಣ ಕೊಡಲು ಒಪ್ಪಿತು: ಮೊದಲ ತಿಂಗಳು ವಾರಕ್ಕೊಮ್ಮೆ, ಆರನೆಯ ತಿಂಗಳವರೆಗೆ ಎರಡು ವಾರಕ್ಕೊಮ್ಮೆ, ಅಷ್ಟರಲ್ಲಿ 3 ಕಿಲೋ ಇಳಿಸಿದವರಿಗೆ ವರ್ಷದ ಕೊನೆಯವರೆಗೆ ತಿಂಗಳಿಗೊಮ್ಮೆ. ಓದಲು ಬಹಳ ಉದಾರವಾದ ನಿಯಮ. ಆದರೆ ಸೇವೆ ಪ್ರಾಥಮಿಕ ಚಿಕಿತ್ಸಾಲಯದಲ್ಲೇ ನಡೆಯಬೇಕಿತ್ತು, ಬಿಲ್ಲು ಅಲ್ಲಿನ ವೈದ್ಯರ ಅಥವಾ ಅಂತಹ ಕೆಲವೇ ವೃತ್ತಿಪರರ ಹೆಸರಿನಲ್ಲೇ ಹೋಗಬೇಕಿತ್ತು. ಈ ಕೆಲಸಕ್ಕೆಂದೇ ಕಲಿತು ಬಂದ ಡಯೆಟಿಷಿಯನ್ ಸ್ವತಂತ್ರವಾಗಿ ಬಿಲ್ಲು ಮಾಡುವಂತಿರಲಿಲ್ಲ. ಆರಂಭದ ವರ್ಷಗಳಲ್ಲಿ ಅರ್ಹರಾದವರ ಪೈಕಿ ಶೇಕಡಾ ಒಬ್ಬರೂ ಅದನ್ನು ಬಳಸಲಿಲ್ಲ. ಸಮಯ ಇರುವವರಿಗೆ ಬಿಲ್ಲು ಮಾಡುವ ಅಧಿಕಾರವಿಲ್ಲ, ಅಧಿಕಾರ ಇರುವವರಿಗೆ ಸಮಯವಿಲ್ಲ.

ಪಥ್ಯ ವಿಭಾಗ
ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಲೆಕ್ಕಪತ್ರದವರೇ ಇದನ್ನು ಹೇಳಿದ್ದು ಇನ್ನೂ ಸಂತೋಷ.

ನಿವೃತ್ತ ಅಧೀಕ್ಷಕ
ದೀರ್ಘಕಾಲ ಆಸ್ಪತ್ರೆ ನಡೆಸಿದವನಾಗಿ ಒಂದು ಮಾತು ಹೇಳುತ್ತೇನೆ. ಪುಟ, ಕುರ್ಚಿ, ಬಿಲ್ಲು ಇವೆಲ್ಲ ಲಕ್ಷಣಗಳು. ಮುಖ್ಯಸ್ಥನಿಗೆ ಮನಸ್ಸಿದ್ದರೆ ಇವೆಲ್ಲ ಒಂದು ವಾರದಲ್ಲಿ ಸರಿಹೋಗುತ್ತವೆ. ತಿಂಗಳ ಪರಿಶೀಲನಾ ಸಭೆಯಲ್ಲಿ ಮುಖ್ಯಸ್ಥ ಯಾವುದನ್ನು ಕೇಳುತ್ತಾನೋ ಅದು ನಡೆಯುತ್ತದೆ, ಯಾವುದನ್ನು ಕೇಳುವುದಿಲ್ಲವೋ ಅದು ನಿಲ್ಲುತ್ತದೆ. ನಿಂತುಹೋದ ಘಟಕಗಳ ಮುಖ್ಯಸ್ಥರಿಗೆ ತಿಂಗಳಿಗೊಮ್ಮೆ ವಿವರಣೆ ಕೇಳಿ ನೋಡಿ, ಮರುತಿಂಗಳೇ ಕಾರ್ಯಕ್ರಮ ಆರಂಭವಾಗಿರುತ್ತದೆ.

ಅಂಕಿಸಂಖ್ಯೆ
ಅಧೀಕ್ಷಕರ ಅರ್ಧ ಮಾತಿಗೆ ನನ್ನ ಒಪ್ಪಿಗೆಯಿದೆ, ಇನ್ನರ್ಧಕ್ಕೆ ಇಲ್ಲ. ಈ ಪ್ರಶ್ನೆಯನ್ನು ಅತಿ ಹೆಚ್ಚು ಅಗೆದು ನೋಡಿದ್ದು ಅಮೆರಿಕದ ಮಾಜಿ ಸೈನಿಕರ ಆರೋಗ್ಯ ವ್ಯವಸ್ಥೆಯಲ್ಲಿ. ಅವರು ಮೂವ್ ಎಂಬ ತೂಕ ನಿರ್ವಹಣಾ ಕಾರ್ಯಕ್ರಮವನ್ನು 2006ರಲ್ಲಿ ತಮ್ಮ ಕೇಂದ್ರಗಳಿಗೆಲ್ಲ ಹರಡಿದರು. ಕಡತವಾಹಕರ ಸಂಸ್ಥೆಯಲ್ಲಿ ಆದದ್ದೇ ಅಲ್ಲಿಯೂ ಆಯಿತು: ಕೆಲವು ಕಡೆ ಬೇರೂರಿತು, ಕೆಲವು ಕಡೆ ಹೆಸರಿಗಷ್ಟೇ ಉಳಿಯಿತು.

ಲಾರಾ ಡ್ಯಾಮ್‌ಶ್ರೋಡರ್ ಮತ್ತು ಸಂಗಡಿಗರು ಇಂತಹ ವ್ಯತ್ಯಾಸಗಳನ್ನು ಅಧ್ಯಯನ ಮಾಡಲು 2009ರಲ್ಲಿ ಒಂದು ಚೌಕಟ್ಟು ರೂಪಿಸಿದ್ದರು. ಅದನ್ನೇ ಬಳಸಿ ಮೂವ್ ಕಾರ್ಯಕ್ರಮದ ಕೆಲವು ಕೇಂದ್ರಗಳನ್ನು ಹೋಲಿಸಿ 2013ರಲ್ಲಿ ಪ್ರಕಟಿಸಿದರು. ಪರಿಶೀಲಿಸಿದ 31 ಅಂಶಗಳಲ್ಲಿ ಚೆನ್ನಾಗಿ ಜಾರಿಯಾದ ಕೇಂದ್ರಗಳನ್ನು ಉಳಿದವುಗಳಿಂದ ಸ್ಪಷ್ಟವಾಗಿ ಬೇರ್ಪಡಿಸಿದ್ದು 10 ಅಂಶಗಳು. ಅವುಗಳಲ್ಲಿ ಹೆಚ್ಚಿನವು ಆಸ್ಪತ್ರೆಯ ಒಳಗಿನ ವಾತಾವರಣಕ್ಕೆ ಸೇರಿದವು. ವಿಭಾಗಗಳ ನಡುವೆ ಮಾತುಕತೆ ಇದೆಯೇ, ಈಗಿರುವ ಸ್ಥಿತಿ ಸಹಿಸಲಾಗದು ಎಂದು ಸಿಬ್ಬಂದಿಗೆ ಅನಿಸಿದೆಯೇ, ಉಳಿದ ಕೆಲಸಗಳ ನಡುವೆ ಇದಕ್ಕೆ ಎಷ್ಟನೆಯ ಸ್ಥಾನವಿದೆ, ಮಾಡಿದ ಕೆಲಸದ ಫಲ ಮಾಡಿದವರಿಗೆ ತಿಳಿಯುತ್ತದೆಯೇ, ಮುಖ್ಯಸ್ಥರು ಕೈಜೋಡಿಸಿದ್ದಾರೆಯೇ ಎಂಬಂತಹವು. ಇಲ್ಲಿಯವರೆಗೆ ಅಧೀಕ್ಷಕರ ಮಾತು ಸರಿ.

ಆದರೆ ಅದೇ ಕಾರ್ಯಕ್ರಮದ ಮೇಲೆ 2011ರಲ್ಲಿ ಪ್ರಕಟವಾದ ಇನ್ನೊಂದು ವಿಶ್ಲೇಷಣೆಯಿದೆ. ಆರು ತಿಂಗಳಲ್ಲಿ ರೋಗಿಗಳ ತೂಕ ಹೆಚ್ಚು ಇಳಿದ ಕೇಂದ್ರಗಳಲ್ಲೆಲ್ಲ ಸಿದ್ಧ ಪಠ್ಯಕ್ರಮವೂ ಗುಂಪು ತರಗತಿಯೂ ಇದ್ದವು. ಕಡಿಮೆ ಇಳಿದ ಕೇಂದ್ರಗಳಲ್ಲಿ ಕೆಲವು ಕಡೆಯೂ ಅವು ಇದ್ದವು. ಅಂದರೆ ಅವು ಬೇಕು, ಆದರೆ ಅವಷ್ಟೇ ಸಾಲದು. ಯಶಸ್ಸಿನ ದಾರಿಗಳಲ್ಲಿ ಒಂದು ಹೀಗಿತ್ತು: ಕಾರ್ಯಕ್ರಮದ ಪರವಾಗಿ ಸಕ್ರಿಯವಾಗಿ ನಿಂತ ಒಬ್ಬ ವೈದ್ಯ, ಜೊತೆಗೆ ಕೇಂದ್ರದ ಮುಖ್ಯಸ್ಥರಿಗೆ ಉತ್ತರ ಕೊಡಬೇಕಾದ ಹೊಣೆ ಕಡಿಮೆ. ಹೆಚ್ಚು ಅಲ್ಲ, ಕಡಿಮೆ.

ನಿವೃತ್ತ ಅಧೀಕ್ಷಕ
ಇದು ನಂಬುವ ಮಾತೇ? ಉತ್ತರ ಕೊಡುವ ಹೊಣೆ ಇಲ್ಲದಿದ್ದರೆ ಕೆಲಸ ಚೆನ್ನಾಗಿ ಆಗುತ್ತದೆ ಎಂದು ಯಾವ ಆಡಳಿತಗಾರ ಒಪ್ಪುತ್ತಾನೆ?

ಅಂಕಿಸಂಖ್ಯೆ
ಒಪ್ಪಲು ಹೇಳುತ್ತಿಲ್ಲ, ಸರ್. ಕೆಲವೇ ಕೇಂದ್ರಗಳ ಹೋಲಿಕೆಯಿಂದ ಕಾರಣವನ್ನು ಸಾಧಿಸಲಾಗದು. ವಿವರಣೆ ಕೇಳಿದರೆ ಸಾಕು ಎಂಬ ಸೂತ್ರ ಅಷ್ಟು ಸರಳವಲ್ಲ ಎಂಬುದಷ್ಟೇ ನನ್ನ ವಾದ.

ಹೆಡ್ ಸಿಸ್ಟರ್
ನನಗೇನೂ ಆಶ್ಚರ್ಯವಿಲ್ಲ. ವಿವರಣೆ ಕೇಳಿದ ಮರುತಿಂಗಳು ಕಾರ್ಯಕ್ರಮ ಆರಂಭವಾಗುವುದು ವರದಿಯಲ್ಲಿ. ಒಂದು ಕಡೆ ಗುರಿ ಮುಟ್ಟಲೇಬೇಕೆಂದು ಒತ್ತಡ ಬಂದಾಗ, ಹೊರರೋಗಿ ವಿಭಾಗದಲ್ಲಿ ತೂಕ ನೋಡಿಸಿಕೊಂಡವರ ಹೆಸರುಗಳನ್ನೆಲ್ಲ ನೋಂದಣಿ ಪುಸ್ತಕಕ್ಕೆ ಇಳಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಒಂದೇ ಶಾಯಿ, ಒಂದೇ ಕೈಬರಹ, ಇಡೀ ತಿಂಗಳ ಹಾಜರಾತಿ.

ಪಥ್ಯ ವಿಭಾಗ
ಅಧೀಕ್ಷಕರು ಬೇಸರಿಸಬಾರದು. ನಮಗೆ ಸಹಾಯವಾದ ಮುಖ್ಯಸ್ಥರೊಬ್ಬರು ಒಮ್ಮೆಯೂ ವಿವರಣೆ ಕೇಳಿದವರಲ್ಲ. ಮಂಗಳವಾರ ಮಧ್ಯಾಹ್ನ ನನ್ನನ್ನು ವಾರ್ಡಿನ ಕೆಲಸಕ್ಕೆ ಕರೆಯಕೂಡದೆಂದು ಎಲ್ಲ ವಿಭಾಗಗಳಿಗೆ ಎರಡು ಸಾಲಿನ ಆದೇಶ ಕಳುಹಿಸಿದರು. ನಾಲ್ಕಾರು ತಿಂಗಳಿಗೊಮ್ಮೆ ತರಗತಿಯ ಹಿಂದಿನ ಸಾಲಿನಲ್ಲಿ ಬಂದು ಕುಳಿತು ಹೋಗುತ್ತಿದ್ದರು. ಅದನ್ನು ಕಂಡ ಮೇಲೆ ಮೂಳೆ ವಿಭಾಗದವರು ಮಂಡಿ ನೋವಿನವರನ್ನು ತಾವಾಗಿಯೇ ಕಳುಹಿಸಲಾರಂಭಿಸಿದರು. ಮುಖ್ಯಸ್ಥರ ಬೆಂಬಲ ಬೇಕು, ನಿಜ. ಅದು ಸಮಯದ ರೂಪದಲ್ಲಿ ಬರಬೇಕು, ನೋಟಿಸಿನ ರೂಪದಲ್ಲಿ ಬೇಡ.

ಓಪಿಡಿ ವೈದ್ಯ
ಮೂಳೆ ವಿಭಾಗದ ಸಂಗತಿ ಮುಖ್ಯವಾದುದು. ನಾವು ರೆಫರ್ ಮಾಡಿದವರಿಗೆ ಏನಾಯಿತೆಂಬುದು ನಮಗೆ ತಿಳಿಯುವುದೇ ಇಲ್ಲ. ಶಸ್ತ್ರಚಿಕಿತ್ಸೆಗೆ ಕಳುಹಿಸಿದರೆ ಡಿಸ್ಚಾರ್ಜ್ ಸಾರಾಂಶ ಬರುತ್ತದೆ, ಹೃದ್ರೋಗ ತಜ್ಞರಿಗೆ ಕಳುಹಿಸಿದರೆ ಪತ್ರ ಬರುತ್ತದೆ. ತೂಕದ ತರಗತಿಗೆ ಕಳುಹಿಸಿದವರು ಹೋದರೋ ಬಿಟ್ಟರೋ, ಇಳಿದರೋ ಏರಿದರೋ, ಒಂದು ಸಾಲೂ ಇಲ್ಲ. ಹಾಗಿರುವಾಗ ಹತ್ತು ಜನರನ್ನು ಕಳುಹಿಸಿದ ವೈದ್ಯ ಹನ್ನೊಂದನೆಯವರನ್ನು ಮರೆತರೆ ತಪ್ಪು ಯಾರದು?

ಸಂದೇಹಿ
ಇಷ್ಟೆಲ್ಲ ಚರ್ಚೆ ಈಗ ಹಳೆಯದಾಯಿತು. 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸೆಮಾಗ್ಲುಟೈಡ್ ಚುಚ್ಚುಮದ್ದು ಪಡೆದವರ ತೂಕ 68 ವಾರಗಳಲ್ಲಿ ಸರಾಸರಿ ಶೇಕಡಾ 14.9ರಷ್ಟು ಇಳಿಯಿತು. ಔಷಧ ಬರೆದುಕೊಟ್ಟರೆ ಆಯಿತು. ತರಗತಿ, ಕುರ್ಚಿ, ಸಂಯೋಜಕ ಯಾವುದೂ ಬೇಡ.

ಪಥ್ಯ ವಿಭಾಗ
ಆ ಪ್ರಯೋಗದಲ್ಲಿ ಔಷಧ ಪಡೆದವರಿಗೂ ಪಡೆಯದವರಿಗೂ ಜೀವನಶೈಲಿಯ ಮಾರ್ಗದರ್ಶನ ಕೊಟ್ಟಿದ್ದರು ಎಂಬುದನ್ನು ಬಿಟ್ಟುಬಿಟ್ಟಿರಿ. ಔಷಧವನ್ನೂ ಮಾರ್ಗದರ್ಶನವನ್ನೂ ನಿಲ್ಲಿಸಿದ ಒಂದು ವರ್ಷದಲ್ಲಿ, ಇಳಿದ ತೂಕದ ಮೂರನೆಯ ಎರಡು ಭಾಗ ಮರಳಿ ಬಂತು ಎಂಬುದನ್ನೂ ಬಿಟ್ಟಿರಿ.

ಓಪಿಡಿ ವೈದ್ಯ
ಅದೂ ಅಲ್ಲದೆ, ಚುಚ್ಚುಮದ್ದಿನ ಪ್ರಮಾಣವನ್ನು ಹಂತ ಹಂತವಾಗಿ ಏರಿಸಬೇಕು, ವಾಕರಿಕೆ ವಾಂತಿ ಎಂದು ಕರೆ ಮಾಡುವವರಿಗೆ ಯಾರಾದರೂ ಉತ್ತರಿಸಬೇಕು, ಯಾವಾಗ ಮುಂದುವರಿಸಬೇಕು ಯಾವಾಗ ನಿಲ್ಲಿಸಬೇಕೆಂದು ನೋಡಬೇಕು. ಫಾಲೋಅಪ್ ವ್ಯವಸ್ಥೆಯೇ ಇಲ್ಲದ ಆಸ್ಪತ್ರೆಯಲ್ಲಿ ತರಗತಿ ನಿಂತಂತೆ ಇದೂ ಕೆಡುತ್ತದೆ, ಇನ್ನಷ್ಟು ದುಬಾರಿಯಾಗಿ.

ಸಂದೇಹಿ
ಫಾಲೋಅಪ್ ಬೇಕೆಂಬುದನ್ನು ಒಪ್ಪುತ್ತೇನೆ. ಗುಂಪು ತರಗತಿಯೇ ಆಗಬೇಕೆಂಬುದನ್ನು ಒಪ್ಪುವುದಿಲ್ಲ.

ಲೆಕ್ಕಪತ್ರ
ಕೈಪಿಡಿಯನ್ನು ಎಷ್ಟು ಬದಲಿಸಿಕೊಳ್ಳಬಹುದು ಎಂಬ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮಲ್ಲಿ ಒಂದು ಘಟಕ ತರಗತಿಯನ್ನು ಅರ್ಧಕ್ಕೆ ಇಳಿಸಿತು ಎಂದು ಆಕ್ಷೇಪಣೆ ಬಂದಿತ್ತು.

ಅಂಕಿಸಂಖ್ಯೆ
ಯಾವುದನ್ನು ಬದಲಿಸಿದರು ಎಂಬುದರ ಮೇಲೆ ಹೋಗುತ್ತದೆ. ಡಯಾಬಿಟಿಸ್ ಪ್ರಿವೆನ್ಷನ್ ಪ್ರೋಗ್ರಾಮಿನ ಮೂಲ ಪಠ್ಯ ಒಬ್ಬೊಬ್ಬರಿಗೆ ಪ್ರತ್ಯೇಕವಾಗಿ ಹೇಳಿಕೊಡುವ 16 ಪಾಠಗಳದ್ದು, ಬಹಳ ದುಬಾರಿ. ಅದನ್ನು ಗುಂಪಿಗೆ ಒಗ್ಗಿಸಿ, ಆಸ್ಪತ್ರೆಯ ಬದಲು ವೈಎಂಸಿಎ ಎಂಬ ಸಮುದಾಯ ಸಂಸ್ಥೆಯ ಕೇಂದ್ರಗಳಲ್ಲಿ ಅಲ್ಲಿನ ಸಿಬ್ಬಂದಿಯಿಂದಲೇ ನಡೆಸಿದ ಪ್ರಯೋಗ 2008ರಲ್ಲಿ ಪ್ರಕಟವಾಯಿತು. ನಾಲ್ಕರಿಂದ ಆರು ತಿಂಗಳಲ್ಲಿ ಸರಾಸರಿ ಶೇಕಡಾ 6ರಷ್ಟು ತೂಕ ಇಳಿಯಿತು, ಸಾಧಾರಣ ಸಲಹೆ ಪಡೆದವರಲ್ಲಿ ಶೇಕಡಾ 2ರಷ್ಟು. ಸ್ಥಳ ಬದಲಾಯಿತು, ಹೇಳುವವರು ಬದಲಾದರು, ಗುಂಪಾಯಿತು. ಪಾಠಗಳು ಮತ್ತು ಭೇಟಿಗಳು ಉಳಿದವು. ನಿಮ್ಮ ಘಟಕ ಭೇಟಿಗಳನ್ನೇ ಅರ್ಧ ಮಾಡಿದ್ದರೆ ಆಕ್ಷೇಪಣೆ ಸರಿ. ಬೆಳಿಗ್ಗೆಯ ತರಗತಿಯನ್ನು ಸಂಜೆಗೆ ಒಯ್ದಿದ್ದಕ್ಕೆ ಆಕ್ಷೇಪಿಸಿದ್ದರೆ ಅದು ಬರೀ ಹಠ.

ಸರದಿಯಲ್ಲಿ ಕುಳಿತವಳು
ಸಂಜೆಗೆ ಒಯ್ದರೆ ನಾನು ಮತ್ತೆ ಸೇರಿಕೊಳ್ಳುವೆ.

ಕಡತವಾಹಕ
ಎಲ್ಲರಿಗೂ ಕೃತಜ್ಞತೆಗಳು. "ಆಸಕ್ತಿಯ ಕೊರತೆ" ಎಂಬ ಸಾಲನ್ನು ವರದಿಯಿಂದ ತೆಗೆಯುತ್ತೇನೆ. ಅದರ ಬದಲು ಪ್ರತಿ ಘಟಕದಿಂದ ಮೂರು ದಾಖಲೆಗಳನ್ನು ತರಿಸಿಕೊಳ್ಳುವ ಯೋಚನೆಯಿದೆ: ರೆಫರ್ ಆದವರಲ್ಲಿ ಮೊದಲ ತರಗತಿಗೆ ಎಷ್ಟು ಜನ ಬಂದರು, ರೆಫರ್ ಮಾಡಿದ ವೈದ್ಯರಿಗೆ ಫಲಿತಾಂಶ ಮರಳಿ ಹೋಗಿದೆಯೇ, ಸಂಯೋಜಕರ ಡ್ಯೂಟಿ ರೋಸ್ಟರಿನಲ್ಲಿ ಈ ಕೆಲಸಕ್ಕೆ ಎಷ್ಟು ಗಂಟೆ ಮೀಸಲಿದೆ. ಇದರಲ್ಲಿ ಏನಾದರೂ ಬಿಟ್ಟುಹೋಗಿದೆಯೇ?

ನಿವೃತ್ತ ಅಧೀಕ್ಷಕ
ಸಂಯೋಜಕರು ರಜೆಯಲ್ಲಿದ್ದಾಗ ತರಗತಿ ಯಾರು ತೆಗೆದುಕೊಂಡರು ಎಂಬುದನ್ನೂ ಕೇಳಿ. ಆ ಸಣ್ಣ ಘಟಕದಲ್ಲಿ ಎಲ್ಲವೂ ಒಬ್ಬರ ಉತ್ಸಾಹದ ಮೇಲೆ ನಿಂತಿದ್ದರೆ, ಅವರ ವರ್ಗಾವಣೆಯ ಮರುದಿನ ಅಲ್ಲಿಯೂ ಫಲಕವಷ್ಟೇ ಉಳಿಯುತ್ತದೆ. ಮತ್ತು ನಾನು ಈಗಲೂ ಹೇಳುತ್ತೇನೆ, ಮುಖ್ಯಸ್ಥರ ಸಹಿ ಇಲ್ಲದೆ ಆ ದಾಖಲೆಗಳನ್ನು ಸ್ವೀಕರಿಸಬೇಡಿ.

ಓಪಿಡಿ ವೈದ್ಯ
ರೆಫರ್ ಮಾಡುವ ಪುಟದ ಚಿತ್ರವನ್ನೂ ತರಿಸಿಕೊಳ್ಳಿ. ಎಷ್ಟು ಕಡೆ ತುಂಬಬೇಕೆಂದು ನೀವೇ ಎಣಿಸಿ.

ಹೆಡ್ ಸಿಸ್ಟರ್
ರೋಸ್ಟರ್ ಕೇಳುವಾಗ ಕಂಪ್ಯೂಟರಿನಿಂದ ತೆಗೆದ ಶುದ್ಧ ಪ್ರತಿಯನ್ನು ಕೇಳಬೇಡಿ. ಅದರಲ್ಲಿ ಪ್ರತಿ ವಾರವೂ ತೂಕದ ತರಗತಿ ಇದ್ದೇ ಇರುತ್ತದೆ. ನರ್ಸಿಂಗ್ ಕೋಣೆಯ ಗೋಡೆಗೆ ಅಂಟಿಸಿದ, ಪೆನ್ನಿನಿಂದ ಹೊಡೆದು ತಿದ್ದಿದ ಪ್ರತಿಯನ್ನು ಕೇಳಿ. ಆ ಮಧ್ಯಾಹ್ನ ಅವರನ್ನು ನಿಜವಾಗಿ ಎಲ್ಲಿಗೆ ಕಳುಹಿಸಿದರು ಎಂಬುದು ಅದರಲ್ಲಿ ಮಾತ್ರ ಇರುತ್ತದೆ. ತಿಂಗಳ ಕೊನೆಯಲ್ಲಿ ಅದನ್ನು ಹರಿದು ಎಸೆಯುತ್ತಾರೆ, ಆದ್ದರಿಂದ ಅದಕ್ಕೂ ಮುಂಚೆ ಹೋಗಿ.